ಅಪ್ಪ ಹೇಳಿದ ಹೊಟ್ಟೆನೋವು

ಗ್ಯಾಸಿನ ಉರಿ ಸುಯ್ಯೆನ್ನುತ್ತಿದೆ, ಅದರ ಮೇಲಿಟ್ಟ ಕಬ್ಬಿಣದ ಕಡ್ಡಿ ಇನ್ನೂ ಕರ್ರಗೇ ಇದೆ, ಪಡಸಾಲೆಯಿಂದ ಅಷ್ಟೇ ಕಾಣುತ್ತದೆ, ಉರಿ, ಕಡ್ಡಿ, ಆಯಿಯ ಬಾಗಿದ ಬೆನ್ನು — ಅಪ್ಪನ ತಾಯಿ, ಮೊಮ್ಮಗನ ಹೊಟ್ಟೆನೋವು ತಿಂಗಳಾದರೂ ಹೋಗಿಲ್ಲವೆಂದು ಕೇಳಿ ರಾಮಥಾಳದಿಂದ ಮೊದಲ ಬಸ್ಸಿಗೇ ಬಂದಿದ್ದಾಳೆ, ಬರೆ ಹಾಕಿದರೆ ಹೋಗುತ್ತದಂತೆ, ಕಡ್ಡಿಯನ್ನು ಅರಿವೆಯಲ್ಲಿ ಸುತ್ತಿ ತಂದಿದ್ದಾಳೆ, ಕೂಸಿನಂತೆ. ನನ್ನ ಹೊಟ್ಟೆ ಎಂದೂ ನೋಯಲಿಲ್ಲ. ಅದು ನನಗೆ ಗೊತ್ತು, ಅಪ್ಪನಿಗೆ ಗೊತ್ತು, ಈ ಮನೆಯಲ್ಲಿ ಇನ್ಯಾರಿಗೂ ಗೊತ್ತಿಲ್ಲ, ಅವ್ವನಿಗೂ ಅವನು ಹೇಳಿಲ್ಲ. ನೋವು ಎಲ್ಲಿ ಎಂದು ಬಾಗಲಕೋಟೆಯ ಡಾಕ್ಟರು ಕೇಳಿದಾಗ ನನಗೂ ಬೆರಳಿಟ್ಟು ತೋರಿಸಲಾಗಲಿಲ್ಲ — ಹಾಸ್ಟೆಲಿನ ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅಳುತ್ತಿದ್ದೆ, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಇದ್ದು ಏನು ಮಾಡುವುದು ಎಂಬ ಮಾತು ತಲೆಯಲ್ಲಿ ಒಂದೇ ಸಮನೆ, ಕೊನೆಗೆ ಜೊತೆಗಿದ್ದ ಫೈಜಾನ ಹಿಡಿದೆಳೆದ, ಲೇ ಪ್ರಬುದ್ಧ, ನೀ ನಕ್ಕಿದ್ದು ಯಾವಾಗಲೇ, ನಡಿ ದವಾಖಾನಿಗೆ. ಖಿನ್ನತೆ ಎಂದರು ಡಾಕ್ಟರು, ಹದಿನೇಳರ ಹುಡುಗರಿಗೂ ಬರುತ್ತದೆ, ವಾಸಿಯಾಗುತ್ತದೆ, ಗುಳಿಗೆ ತಪ್ಪಿಸಬೇಡ. ಅಪ್ಪ ಕರೆದೊಯ್ಯಲು ಬಂದ. ಬಸ್ಸು ಹಿನ್ನೀರಿನ ಸೇತುವೆ ದಾಟುವಾಗ ಗುಳಿಗೆಗಳನ್ನು ಕಿಟಕಿಯಿಂದ ಎಸೆದ, ತಲಿ ಕೆಟ್ಟೈತಿ ಅಂದ್ರ ನಿಮ್ಮಕ್ಕನ ಲಗ್ನ ಮುರೀತೈತಿ, ಮನಿತನದಾಗ ಹುಚ್ಚ ಐತಿ ಅಂತಾರ, ಹೊಟ್ಟಿಬ್ಯಾನಿ ಅನ್ನು, ಹೊಟ್ಟಿಬ್ಯಾನಿಗೆ ಯಾರೂ ಏನೂ ಅನ್ನೂದಿಲ್ಲ, ಗಂಡಸಮಗ ಅದೀ, ಕಣ್ಣ ಒರಸ್ಕೋ. ವಿಜ್ಞಾನದ ಮಾಸ್ತರ ಅವನು, ಹುನಗುಂದದ ಸಾಲೆಯಲ್ಲಿ ವರ್ಷಾ ವರ್ಷಾ ಮೂಢನಂಬಿಕೆಯ ಮೇಲೆ ಭಾಷಣ ಮಾಡಿ ಚಪ್ಪಾಳೆ ತಗೊಳ್ಳುವವನು.

ಹೊಟ್ಟೆನೋವೆಂದರೆ ಓಣಿಯೆಲ್ಲ ವೈದ್ಯರೇ, ಅಜವಾನ ಬಂತು, ಇಂಗು ಬಂತು, ಎಲ್ಲವನ್ನೂ ಕುಡಿದೆ, ಈಗ ಬೆಂಕಿ ಬಂದಿದೆ. ಅಕ್ಕ ಮಾಯಾಳ ಮಾವನಾಗುವವನು, ಬಾದಾಮಿಯ ಕಲ್ಲೇಶಪ್ಪ, ನನ್ನನ್ನು ಮಾತಾಡಿಸಿ ಹೋಗಲು ಬಂದು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ್ದಾನೆ, ಏನ್ರಿ ಮಾಸ್ತರ, ಸಾಲ್ಯಾಗ ಇದನ್ನ ಬ್ಯಾಡ ಅಂತೀರಿ, ಮನ್ಯಾಗ ಮಾಡಸ್ತೀರಿ? ಅಪ್ಪ ಹಲ್ಲು ಬಿಡುತ್ತಾನೆ, ಸಾಲ್ಯಾಗ ನಾ ಮಾಸ್ತರ್ರಿ, ಮನ್ಯಾಗ ನಮ್ಮವ್ವ ಹೆಡ್‌ಮಾಸ್ತರ. ನಗುತ್ತಾರೆ. ನಗಲಿ. ನನ್ನ ಹೊಟ್ಟೆ ನೋಯುತ್ತಿಲ್ಲ ಎಂದು ನಾನು ಒಂದು ಮಾತು ಅಂದರೆ ಒಲೆ ಆರುತ್ತದೆ, ಅನ್ನುವುದಿಲ್ಲ, ಸುಳ್ಳು ಅಪ್ಪನದು, ಬಿಚ್ಚಿ ಹೇಳಬೇಕಾದವನೂ ಅವನೇ, ಈ ಬೀಗನ ಎದುರಿಗೆ, ಇದೇ ಪಡಸಾಲೆಯಲ್ಲಿ. ಹೇಳದಿದ್ದರೆ ಸುಡಲಿ. ಬರೆಯ ಕಲೆಯನ್ನು ಮುಚ್ಚುವುದಿಲ್ಲ, ಅಂಗಿ ಬಿಚ್ಚಿಯೇ ಅವನೆದುರು ಉಣ್ಣಲು ಕೂರುತ್ತೇನೆ, ತುತ್ತು ಇಳಿಯಬಾರದು ಅವನಿಗೆ, ಅಕ್ಕನ ಲಗ್ನದಲ್ಲಿ ಎಲ್ಲರೆದುರು ಮೀಯಿಸುವ ಸುರಗಿ ನೀರಿಗೆ ಬರಿಮೈಯಲ್ಲಿ ಕೂತು ಬೀಗರಿಗೆಲ್ಲ ತೋರಿಸುತ್ತೇನೆ, ಯಾರು ಮಾಡಿದರು ಎಂದು ಕೇಳಿದವರಿಗೆಲ್ಲ ಹೆಸರು ಹೇಳುತ್ತೇನೆ, ಆಯಿಯದಲ್ಲ.

ಆಯಿ ಬರುತ್ತಿದ್ದಾಳೆ, ಕಡ್ಡಿಯ ತುದಿ ಕೆಂಪಾಗಿದೆ, ಅಂಗಿ ಎತ್ತೋ ನನ್ನಪ್ಪಾ, ಒಂದ ಗಳಿಗಿ ಅಷ್ಟ, ಅವಳ ಕಣ್ಣು ತುಂಬಿವೆ, ಇವಳ ಮೇಲೆ ಸಿಟ್ಟಿಲ್ಲ, ನನ್ನ ನೋವನ್ನು ನಂಬಿದವಳು ಇವಳೊಬ್ಬಳೇ. ಆಯಿ ಮಗನತ್ತ ತಿರುಗಿದಳು, ಹನಮಪ್ಪಾ, ಅವನ ಕೈ ಹಿಡಿ. ಅಪ್ಪ ಎದ್ದ. ತುಟಿ ಅಲುಗಿತು — ಹೇಳು — ಅವ್ವಾ, ಅಂದ, ಅವ್ವಾ, ತಡಿ — ಕಲ್ಲೇಶಪ್ಪ ಕಾಲು ಕೆಳಗಿಳಿಸಿದ, ಯಾಕ್ರಿ ಮಾಸ್ತರ, ಏನಾತ್ರಿ? — ಅಪ್ಪ ನನ್ನ ಮುಖ ನೋಡುತ್ತಾನೆ, ನಾನು ರೆಪ್ಪೆ ಬಡಿಯುವುದಿಲ್ಲ — ಏನಿಲ್ರಿ, ಹುಡುಗ ಅಲಗ್ಯಾಡಿದ್ರ ಬ್ಯಾರೆ ಕಡೆ ಹತ್ತತೈತಿ ಅಂತ, ಎಂದು ನನ್ನ ಎರಡೂ ಮುಂಗೈ ಬಿಗಿ ಹಿಡಿದ, ಗೋಡೆಯ ಕಡೆ ಮುಖ ತಿರುಗಿಸಬೇಡ ಅಪ್ಪ, ಇತ್ತ ನೋಡು, ಕೆಂಪು ತುದಿ, ನೋಡು, ಇನ್ನೂ ಹತ್ತಿರ, ಕೆಂಪು ತುದಿ, ಈಗಲೂ ಹೇಳಬಹುದು, ಕೆಂಪು ತುದಿ —