ಅಳತೆ ಅಕ್ಕನ ಮೊಹರು

ಗಾಡಿಯ ಗಾಲಿ, ಬ್ರೇಕು ಬದಲಾಯಿಸಿದವರು ಅಳತೆ ಅಕ್ಕನ ಮುಂದೆ ಒಮ್ಮೆ ನಿಲ್ಲಲೇಬೇಕಿತ್ತು. ಕಾರ್ಖಾನೆ ಕೊಟ್ಟದ್ದಕ್ಕಿಂತ ದೊಡ್ಡ ಗಾಲಿ ಹಾಕಿಸಿದರೆ, ಪರವಾನಗಿ ಇರುವ ಪರೀಕ್ಷಕರು ನೋಡಿ, ಓಡಿಸಿ, ಮೊಹರು ಒತ್ತಿದ ಮೇಲೆಯೇ ಅದು ರಸ್ತೆಗಿಳಿಯಬೇಕೆಂಬುದು ಕಾನೂನು. ಹತ್ತೊಂಬತ್ತು ವರ್ಷಗಳಿಂದ ಅವಳದು ಅದೇ ಕೆಲಸ. ಗಂಡನನ್ನೂ ಅಳೆದು ನೋಡಿಯೇ ಒಪ್ಪಿಕೊಂಡಳಂತೆ ಎಂದು ಮೆಕ್ಯಾನಿಕ್‌ಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಅರ್ಧ ಮಿಲಿಮೀಟರ್ ಮಾತ್ರ ಬಿಟ್ಟುಕೊಡುತ್ತಿರಲಿಲ್ಲ.

ಅದೇ ಶೆಡ್ಡಿನ ಇನ್ನೊಂದು ಭಾಗದಲ್ಲಿ ಅವಳ ತಮ್ಮನ ಗ್ಯಾರೇಜು. ನಡುವೆ ತಗಡಿನ ಗೋಡೆ, ಅದಕ್ಕೊಂದು ಬಾಗಿಲು. ಒಂದು ಮಂಗಳವಾರ ಅವನು ಕಪ್ಪು ಕಾರೊಂದನ್ನು ತಂದು ನಿಲ್ಲಿಸಿದ. ಗಾಲಿಗಳು ಹೊರಕ್ಕೆ ಚಾಚಿ ಠೀವಿಯಾಗಿ ಕಾಣಲೆಂದು ಒಳಗೆ ದಪ್ಪನೆಯ ಬಿಲ್ಲೆಗಳನ್ನು ಕೂರಿಸಿದ್ದ. ಬೋಲ್ಟುಗಳು ಮಾತ್ರ ಹಳೆಯವೇ, ಆ ದಪ್ಪಕ್ಕೆ ಗಿಡ್ಡ. ಅಕ್ಕ ಒಂದು ನಟ್ಟನ್ನು ಬಿಚ್ಚುತ್ತ ಸುತ್ತು ಎಣಿಸಿದಳು. ನಾಲ್ಕಕ್ಕೇ ಅದು ಅಂಗೈಗೆ ಬಂದುಬಿತ್ತು. ನಿಯಮದಂತೆ ಎಂಟು ಸುತ್ತಾದರೂ ಕಚ್ಚಿರಬೇಕು.

ಉದ್ದ ಬೋಲ್ಟು ಬರಲು ಎರಡು ವಾರ ಬೇಕು, ಗಾಡಿಯವನು ಗುರುವಾರವೇ ಊರು ಬಿಡುತ್ತಾನೆ, ಇದೊಂದು ಸಲ ಕಣ್ಣು ಮುಚ್ಚಿಕೋ ಎಂದು ತಮ್ಮ ಗೋಗರೆದ. ಅವಳು ಕಡ್ಡಿ ಮುರಿದಂತೆ ಆಗದೆಂದು ಹೇಳಿ, ಕಾಗದದ ಮೇಲೆ ‘ಅನರ್ಹ’ ಎಂದು ಬರೆದು, ಊಟಕ್ಕೆ ಹೋದಳು. ಮೊಹರಿದ್ದ ಮೇಜಿನ ಡ್ರಾಯರಿಗೆ ಬೀಗ ಹಾಕಲಿಲ್ಲ. ಪಕ್ಕದಲ್ಲಿದ್ದವನು ಒಡಹುಟ್ಟಿದವನಲ್ಲವೇ?

ಮರುವಾರ ಇಳಿಜಾರಿನಲ್ಲಿ ಆ ಕಾರಿನ ಮುಂಗಾಲಿ ಕಳಚಿತು. ಪುಟಿಯುತ್ತ ರಸ್ತೆ ದಾಟಿ, ಬಟ್ಟೆ ಅಂಗಡಿಯ ಮುಂದೆ ನಿಂತಿದ್ದ ಹೆಂಗಸಿನ ಎದೆಗೆ ಅಪ್ಪಳಿಸಿ, ಅವಳನ್ನು ಗೋಡೆಗೆ ಜಜ್ಜಿತು. ಅವಳ ಗಂಡ ಒಬ್ಬ ವೆಲ್ಡರ್. ಅಂಗಡಿಯೊಳಗಿಂದ ಓಡಿ ಬಂದಾಗ ಅವಳ ಬಾಯಿಂದ ಉಸಿರಿನ ಬದಲು ನೆತ್ತರು ಬರುತ್ತಿತ್ತು. ಅವನ ತೊಡೆಯ ಮೇಲೆಯೇ ಅವಳು ತೀರಿಕೊಂಡಳು.

ಮೂರನೆಯ ದಿನ ಬೆಳಿಗ್ಗೆ ವೆಲ್ಡರ್ ಕಬ್ಬಿಣದ ಸರಳು ಹಿಡಿದು ಶೆಡ್ಡಿಗೆ ನುಗ್ಗಿದ. ಅಕ್ಕ ಬ್ರೇಕಿನ ತಟ್ಟೆಯೊಂದನ್ನು ಅಳೆಯುತ್ತಿದ್ದಳು. ಯಾರು, ಏನು ಎಂದು ಕೇಳುವಷ್ಟರಲ್ಲಿ ಏಟು ಬಿತ್ತು. ಅಡ್ಡ ಹಿಡಿದ ಎಡಗೈ ಒಣಕಟ್ಟಿಗೆಯಂತೆ ಲಟಕ್ಕೆಂದಿತು. ಇನ್ನೊಂದು ಏಟಿಗೆ ಪಕ್ಕೆಲುಬು ಮುರಿದು ಅವಳು ಎಣ್ಣೆ ಜಿಡ್ಡಿನ ನೆಲಕ್ಕೆ ಕುಸಿದಳು.

“ನನ್ನ ಹೆಂಡ್ತಿನ ಕೊಂದ ಕಾರಿಗೆ ನಿನ್ನ ಮೊಹರಿದೆ,” ಎಂದ ವೆಲ್ಡರ್. ದನಿ ಏರಿರಲಿಲ್ಲ. ಪೊಲೀಸರು ಕೊಟ್ಟಿದ್ದ ಪ್ರಮಾಣಪತ್ರದ ನಕಲನ್ನು ಅವಳ ಮುಖದ ಮೇಲೆ ಎಸೆದ.

ಅವಳು ಬಲಗೈಯಿಂದ ಅದನ್ನು ಹಿಡಿದು ನೋಡಿದಳು. ಮೊಹರು ಅವಳದೇ. ಸಹಿ ಥೇಟ್ ಅವಳದರಂತೆಯೇ ಇತ್ತು, ಕೊನೆಯ ಗೆರೆಯನ್ನು ಬಿಟ್ಟು. ಶಾಲೆಯಲ್ಲಿ ಹೀಗೆಯೇ ಅಪ್ಪನ ಸಹಿ ಹಾಕಿ ತಮ್ಮ ಎರಡು ಸಲ ಸಿಕ್ಕಿಬಿದ್ದಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅಷ್ಟರಲ್ಲಿ ತಗಡಿನ ಬಾಗಿಲು ಒದ್ದು ತಮ್ಮ ಬಂದ. ಕೈಯಲ್ಲಿ ಗಾಲಿ ಬಿಚ್ಚುವ ಉದ್ದನೆಯ ಪಾನಾ. ಹಿಂದಿನಿಂದಲೇ ವೆಲ್ಡರನ ತಲೆಗೆ ಬೀಸಿದ. ಸರಳು ಉರುಳಿತು, ವೆಲ್ಡರ್ ಮಂಡಿಯೂರಿದ. ಎರಡನೆಯ ಏಟಿಗೆ ಅವನ ಕಿವಿ ಹರಿದು ಜೋತುಬಿತ್ತು. ಅವನು ಬೋರಲಾಗಿ ಬಿದ್ದರೂ ತಮ್ಮ ಮತ್ತೆ ಪಾನಾ ಎತ್ತಿದ. ಈ ಮೂರನೆಯ ಏಟು ತನ್ನನ್ನು ಉಳಿಸುವುದಕ್ಕಲ್ಲ, ಸಹಿಯ ಗುಟ್ಟು ಹೂಳುವುದಕ್ಕೆ ಎಂದು ಅಕ್ಕನಿಗೆ ಹೊಳೆಯಿತು. ತೆವಳಿಕೊಂಡು ಹೋಗಿ ವೆಲ್ಡರನ ಮೇಲೆ ಅಡ್ಡ ಬಿದ್ದಳು. ಏಟು ಅವಳ ಹೆಗಲಿಗೆ ಇಳಿಯಿತು.

“ಅಕ್ಕ, ಸರಿ ಆಚೆಗೆ. ನಿನ್ನ ಉಳಿಸ್ತಾ ಇದೀನಿ.”

“ಯಾರಿಂದ?” ಎಂದಳು. ಆಮೇಲೆ ವೆಲ್ಡರನ ಕಡೆ ತಿರುಗಿ, “ಸಹಿ ನಂದಲ್ಲ. ಇವನದು,” ಎಂದಳು.

ತಮ್ಮನ ಕೈಯಿಂದ ಪಾನಾ ಜಾರಿತು. ವೆಲ್ಡರ್ ಕಣ್ಣಿಗಿಳಿದ ರಕ್ತವನ್ನು ಒರೆಸಿಕೊಂಡು ಎದ್ದವನೇ ತಮ್ಮನ ಕುತ್ತಿಗೆ ಹಿಡಿದು, ಅವನನ್ನು ತಗಡಿಗೆ ಒತ್ತಿ, ಎರಡೂ ಹೆಬ್ಬೆರಳನ್ನು ಗಂಟಲಿಗೆ ಊರಿದ. ತಮ್ಮನ ಕಾಲುಗಳು ನೆಲ ಕೆರೆದವು, ಮುಖ ನೀಲಿಗಟ್ಟಿತು. ಬಿಡಿಸುವ ಬಲ ಅಕ್ಕನಿಗಿರಲಿಲ್ಲ. ವೆಲ್ಡರನ ಕಾಲನ್ನು ಒಂದೇ ಕೈಯಿಂದ ತಬ್ಬಿಕೊಂಡಳು.

“ಇವನನ್ನ ಕೊಂದ್ರೆ ನೀನು ಜೈಲಿಗೆ ಹೋಗ್ತೀಯ, ಸತ್ಯ ಮಣ್ಣಿಗೆ ಹೋಗುತ್ತೆ. ಬಿಡು. ಕೋರ್ಟಲ್ಲಿ ನಾನೇ ಹೇಳ್ತೀನಿ.”

“ಸ್ವಂತ ತಮ್ಮನ ಮೇಲೆ ಹೇಳ್ತೀಯ?”

“ಹೇಳ್ತೀನಿ.”

ವೆಲ್ಡರನ ಬೆರಳುಗಳು ಒಂದೊಂದಾಗಿ ಸಡಿಲಿದವು. ತಮ್ಮ ಕೆಳಗೆ ಬಿದ್ದು ಕೆಮ್ಮುತ್ತ ವಾಂತಿ ಮಾಡಿಕೊಂಡ. ವೆಲ್ಡರ್ ಗೋಡೆಗೊರಗಿ ಕುಳಿತು, ಮೂರು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತ. ಪೊಲೀಸರಿಗೆ ಫೋನ್ ಮಾಡಿದ್ದು ಅಕ್ಕನೇ.

ನ್ಯಾಯಾಲಯದಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಸಹಿ ತಮ್ಮನದು, ಡ್ರಾಯರ್ ತೆರೆದಿಟ್ಟ ತಪ್ಪು ತನ್ನದು, ತನ್ನ ಕೈ ಮುರಿದವನು ವೆಲ್ಡರ್ ಎಂದು ಒಂದೇ ದನಿಯಲ್ಲಿ ಹೇಳಿದಳು. ತಮ್ಮನಿಗೆ ಆರು ವರ್ಷ, ವೆಲ್ಡರನಿಗೆ ಎಂಟು ತಿಂಗಳು ಶಿಕ್ಷೆಯಾಯಿತು. ಅವಳ ಪರವಾನಗಿ ರದ್ದಾಯಿತು. ತೀರ್ಪಿನ ದಿನ ಅಮ್ಮ, ನಿನ್ನಂಥವಳನ್ನು ಹೆತ್ತ ಹೊಟ್ಟೆಗೆ ಬೆಂಕಿ ಹಾಕಬೇಕು ಎಂದು ಬಾಗಿಲು ಹಾಕಿಕೊಂಡಳು.

ಜೈಲಿನಲ್ಲಿ ತಮ್ಮ ಎರಡು ಸಲ ಅವಳನ್ನು ಕಾಣಲು ಒಪ್ಪಲಿಲ್ಲ. ಮೂರನೆಯ ಸಲ ಬಂದು ಜಾಲರಿಯ ಆಚೆ ಕುಳಿತ. ತುಂಬ ಇಳಿದುಹೋಗಿದ್ದ.

“ಅಮ್ಮ ನಿನ್ನ ಮಾತಾಡಿಸ್ತಾಳಾ?” ಎಂದು ಕೇಳಿದ.

“ಇಲ್ಲ.”

“ನನ್ನ ನೋಡೋಕೂ ಬಂದಿಲ್ಲ,” ಎಂದ.

ಅವಳಿಗೆ ಅದು ಗೊತ್ತಿರಲಿಲ್ಲ. ಭೇಟಿಯ ಅವಧಿ ಮುಗಿಯುವವರೆಗೂ ಇಬ್ಬರೂ ಅಲ್ಲೇ ಕುಳಿತಿದ್ದರು.