ಗೇಟಿನಡಿ ಹೋದ ಕೇಬಲ್ಲು, ಮನೆಗೆ ಬಾರದ ಇಂಟರ್ನೆಟ್ಟು

ನಮ್ಮ ಗೋರ್ನಾ ಬುಕಾದಷ್ಟು ಭಕ್ತಿವಂತ ಊರು ಇಡೀ ಬಲ್ಗೇರಿಯಾದಲ್ಲಿಲ್ಲ. ಬೆಳಗಾದರೆ ಸಾಕು, ಊರಿಗೆ ಊರೇ ಗುಡ್ಡ ಹತ್ತಿ ಸಂತ ಇಲಿಯಾನ ಗುಡಿಯ ಮುಂದೆ ನಿಲ್ಲುತ್ತದೆ. ಎಲ್ಲರ ಕೈಯೂ ಮೇಲೆ, ಕಣ್ಣೂ ಮೇಲೆ. ಆದರೆ ಕೈಯಲ್ಲಿ ಇರುವುದು ಮೋಂಬತ್ತಿಯಲ್ಲ, ಮೊಬೈಲ್. ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಅದೂ ನಮ್ಮದಲ್ಲ, ಗಡಿಯಾಚೆಯ ಗ್ರೀಸಿನ ಟವರಿನದು. ನಮ್ಮ ಕಡೆಯಿಂದ ಜೋರಾಗಿ ಗಾಳಿ ಬೀಸಿದರೆ ಆ ಸಿಗ್ನಲ್ ತಿರುಗಿ ಗ್ರೀಸಿಗೇ ಹಾರಿ ಹೋಗುತ್ತದೆ!

ಪಕ್ಕದ ಮನೆಯ ಮಿಂಚೊನ ಎದೆಯೊಳಗೆ ಒಂದು ಯಂತ್ರ ಇಟ್ಟಿದ್ದಾರೆ. ಅವನ ಎದೆಬಡಿತದ ಲೆಕ್ಕ ದಿನಾ ಮೊಬೈಲಿನಿಂದ ಪಟ್ಟಣದ ಆಸ್ಪತ್ರೆಗೆ ಹೋಗಬೇಕು. ಹೆಂಡತಿ ವೇಲಿಕಾ ಆ ಮೊಬೈಲ್ ಹಿಡಿದು ದಿನಾ ಗುಡ್ಡ ಹತ್ತುತ್ತಾಳೆ. ಜನವರಿಯಲ್ಲಿ ಚಿಮಣಿ ಮುಳುಗುವಷ್ಟು ಹಿಮ ಬಿತ್ತು. (ಮೊಣಕಾಲು ಮುಳುಗುವಷ್ಟು ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅವಳಿಗೆ ಅಳತೆ ಬರುವುದಿಲ್ಲ.) ಮೂರು ದಿನ ವೇಲಿಕಾಗೆ ಹತ್ತಲಾಗಲಿಲ್ಲ. ನಾಲ್ಕನೆಯ ದಿನ ಸಲಿಕೆಯಲ್ಲಿ ದಾರಿ ಮಾಡಿಕೊಂಡು ಹತ್ತಿದಳು. ಮೂರು ದಿನದ ಲೆಕ್ಕ ಒಟ್ಟಿಗೇ ನೋಡಿದ ಡಾಕ್ಟರು ತಕ್ಷಣ ಆಂಬ್ಯುಲೆನ್ಸ್ ಕಳಿಸಿದರು. ಅದು ಬರುವಷ್ಟರಲ್ಲಿ ಮಿಂಚೊನ ತುಟಿ ನೀಲಿಯಾಗಿತ್ತು. ಇನ್ನೊಂದು ದಿನ ತಡವಾಗಿದ್ದರೆ ಅವನು ಉಳಿಯುತ್ತಿರಲಿಲ್ಲ. ಈ ಮಾತಿಗೆ ಮಾತ್ರ ನಾನು ಉಪ್ಪುಖಾರ ಹಚ್ಚಿಲ್ಲ.

ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಇಂಟರ್ನೆಟ್ ಕೇಬಲ್ ನಮ್ಮೂರಿನಲ್ಲೇ ಇದೆ! ಹಿಂದಿನ ಬೇಸಿಗೆಯಲ್ಲಿ ನಮ್ಮ ರಸ್ತೆ ಅಗೆದು, ವೇಲಿಕಾಳ ಗೇಟಿನಡಿಯಿಂದ ಹಾಯಿಸಿ, ನೇರ ಗ್ರೀಸಿಗೆ ಒಯ್ದರು. ಎರಡೂ ದೇಶಗಳ ಸಾರ್ವಜನಿಕ ಹಣ, ಮೇಲೆ ಯುರೋಪ್ ಒಕ್ಕೂಟದ ಹಣ. ಊರ ಬಾಗಿಲಲ್ಲಿ ನನ್ನ ಮನೆಯಷ್ಟು ಎತ್ತರದ ಫಲಕ ಬೇರೆ. ನಮಗೆ ಸಿಕ್ಕಿದ್ದು ಮೂರು ತಿಂಗಳ ಧೂಳು.

ಮಾರ್ಚಿನಲ್ಲಿ ಒಂದು ಭಾನುವಾರ, ಆಸ್ಪತ್ರೆಯಿಂದ ಮರಳಿದ್ದ ಮಿಂಚೊನೂ ನಾನೂ ವೇಲಿಕಾಳ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆಯ ಪತಾತ್ನಿಕ್ ತಿನ್ನುತ್ತಿದ್ದೆವು. ಊರ ವಾಚನಾಲಯ ನೋಡಿಕೊಳ್ಳುವ ಸೆವ್ದಾ ಕಾಗದದ ಸುರುಳಿ ಹಿಡಿದು ಬಂದಳು.

"ವೇಲಿಕಕ್ಕಾ, ಆ ಕೇಬಲ್ಲಿಂದ ನಮ್ಗೆ ಒಂದು ಎಳೆನೂ ಯಾಕೆ ಕೊಡ್ಲಿಲ್ಲ ಅಂತ ಗೊತ್ತಾಯ್ತು."

"ನಮ್ಮನ್ನ ಕುರಿ ಅಂದ್ಕೊಂಡಿರ್ಬೇಕು."

"ಈ ನಕ್ಷೆ ನೋಡಿ. ಇಂಟರ್ನೆಟ್ ಇಲ್ದಿರೋ ಊರಿಗೆ ಬಿಳಿ ಬಣ್ಣ, ಇರೋ ಊರಿಗೆ ಕಪ್ಪು. ಸರ್ಕಾರದ ಹಣ ಬಿಳಿ ಊರಿಗೆ ಮಾತ್ರ. ನಮ್ಮೂರಿಗೆ ಕಪ್ಪು ಬಳ್ದಿದಾರೆ."

"ಇಲ್ಲಿ ಇಂಟರ್ನೆಟ್ ಇದೆ ಅಂತ ಹೇಳಿದ್ದು ಯಾವ ಕತ್ತೆ?"

"ಎರಡು ವರ್ಷದ ಹಿಂದೆ ಯಾರೋ ಅಳತೆಗೆ ಬಂದಿದ್ರಂತೆ. ಗುಡಿ ಹತ್ರ ಅಳ್ದು, ಚೆನ್ನಾಗಿದೆ ಅಂತ ಬರ್ಕೊಂಡು ಹೋಗಿದಾರೆ."

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಆ ಕತ್ತೆ ನಾನೇ. ಮನೆಗೆ ಬಂದವರಿಗೆ 'ಇಲ್ಲ' ಅನ್ನುವುದು ನಮ್ಮ ಬೆಟ್ಟದವರ ರಕ್ತದಲ್ಲೇ ಇಲ್ಲ. ಅಧಿಕಾರಿಗೆ ಊಟ ಹಾಕಿ, ಎರಡು ಲೋಟ ರಾಕಿಯಾ ಸಾರಾಯಿ ಕುಡಿಸಿ, ಕೈ ಹಿಡಿದು ಗುಡ್ಡಕ್ಕೆ ಹತ್ತಿಸಿ, "ನಿಮ್ಮ ರಾಜಧಾನಿ ಸೋಫಿಯಾದಲ್ಲೂ ಇಷ್ಟು ವೇಗ ಇಲ್ಲ ಸ್ವಾಮಿ!" ಎಂದಿದ್ದೆ. ಆತ ಅದು ಯಾರ ಟವರು ಎಂದು ಕೇಳಲಿಲ್ಲ, ಒಂದು ಮನೆಯೊಳಗೂ ಅಳೆದು ನೋಡಲಿಲ್ಲ.

ಎಲ್ಲವನ್ನೂ ಒಪ್ಪಿಕೊಂಡೆ. ವೇಲಿಕಾ ಸೌಟು ಎತ್ತಿದಳು.

"ಸ್ಪಾಸಣ್ಣಾ, ನಿನ್ನ ಜಂಬಕ್ಕೆ ನನ್ ಗಂಡನ ಎದೇನೇ ಬೇಕಿತ್ತಾ?"

"ಬಿಡೇ," ಎಂದ ಮಿಂಚೊ. "ನನ್ಗೆ ಇನ್ನೂರು ಕುರಿ ಇದೆ ಅಂತ ನಿಮ್ಮಪ್ಪನಿಗೆ ಹೇಳಿದ್ದೂ ಇವ್ನೇ."

"ಅದಕ್ಕೇ ಅಲ್ವಾ ನಾನು ಕೆಟ್ಟಿದ್ದು!"

ಸೆವ್ದಾ ನಗಲಿಲ್ಲ. "ಜಗಳ ಆಮೇಲೆ ಆಡಿ. ನಕ್ಷೆ ತಪ್ಪಿದ್ರೆ ಆಕ್ಷೇಪಣೆ ಕೊಡಿ ಅಂತ ಮೂವತ್ತು ದಿನ ಟೈಮ್ ಕೊಟ್ಟಿದಾರೆ. ಇನ್ನು ಒಂಬತ್ತೇ ದಿನ ಉಳ್ದಿರೋದು."

"ಅರ್ಜಿನಾ?" ವೇಲಿಕಾ ಮೂಗು ಮುರಿದಳು. "ಆ ಕಾಗದದಲ್ಲಿ ಚೀಸ್ ಕಟ್ಕೊಂಡು ಹೋಗ್ತಾರೆ ಕಣೇ ಅವ್ರು."

"ಬಾಯಲ್ಲಿ ಹೇಳಿದ್ರೆ ಅದೂ ಇಲ್ಲ ಅಕ್ಕ. ಬರ್ದು ಕೊಟ್ರೆ ಅರ್ಜಿಗೊಂದು ನಂಬರ್ ಕೊಡ್ಲೇಬೇಕು, ಉತ್ತರಾನೂ ಕೊಡ್ಬೇಕು. ಸಾರ್ವಜನಿಕ ಹಣದಲ್ಲಿ ಹಾಕಿದ ಕೇಬಲ್ನ ಒಂದೇ ಕಂಪನಿ ತಬ್ಕೊಂಡು ಕೂರೋ ಹಾಗಿಲ್ಲ, ಬೇರೆಯವ್ರಿಗೂ ಬಿಡ್ಬೇಕು. ಊರಲ್ಲಿ ಒಂದು ಜೋಡಣೆ ಪೆಟ್ಟಿಗೆ ಇಟ್ರೆ ಸಾಕು, ಅಲ್ಲಿಂದ ಮನೆಮನೆಗೆ ಎಳೀಬಹುದು. ಆದ್ರೆ ಮೊದ್ಲು ಊರು ಬಿಳಿ ಆಗ್ಬೇಕು."

ವೇಲಿಕಾ ಗಂಡನ ಕಡೆ ನೋಡಿದಳು. ಸೌಟು ಕೆಳಗಿಟ್ಟಳು. "ಏನ್ ಬರೀಬೇಕು, ಹೇಳು."

ಮೂರು ದಿನ ಮನೆಮನೆ ಸುತ್ತಿದೆವು. ಪ್ರತಿ ಮನೆಯೊಳಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೊಬೈಲಿನಲ್ಲಿ ವೇಗ ಅಳೆದೆವು. ಮೊಬೈಲ್ ಪರದೆಯ ಫೋಟೊ ತೆಗೆದು, ತಾರೀಖು, ವಿಳಾಸ, ಸಹಿ ಹಾಕಿಸಿದೆವು. ವೇಲಿಕಾ ಆಸ್ಪತ್ರೆಯ ಪತ್ರವನ್ನೂ ಲಗತ್ತಿಸಿದಳು. ಅರ್ಜಿಗೆ ಸ್ವಲ್ಪ ಒಗ್ಗರಣೆ ಹಾಕೋಣ ಎಂದು ನನ್ನ ಕೈ ತುರಿಸುತ್ತಿತ್ತು.

"ನಾನೂರು ಮನೆ ಅಂತ ಬರಿ," ಎಂದೆ.

"ಮಾವಾ, ಇರೋದು ಅರವತ್ತೆರಡು!" ಎಂದಳು ಸೆವ್ದಾ. " ಒಂದು ಸುಳ್ಳು ಸಿಕ್ಕಿದ್ರೆ ಅರವತ್ತೆರಡು ನಿಜಾನೂ ಕಸದ ಬುಟ್ಟಿಗೆ ಹೋಗತ್ತೆ. ನೀವು ನಿಮ್ದಷ್ಟೇ ಬರೀರಿ."

ಬರೆದೆ: 'ಅಧಿಕಾರಿಯನ್ನು ಗುಡ್ಡಕ್ಕೆ ಕರೆದೊಯ್ದವನು ನಾನು. ಸಿಗ್ನಲ್ ಗ್ರೀಸಿನದು. ನನ್ನ ಮನೆಯಲ್ಲಿ ಇಂಟರ್ನೆಟ್ ಇಲ್ಲ.' ಮೂರೇ ಸಾಲು. ನನ್ನ ಜನ್ಮದಲ್ಲೇ ಅಷ್ಟು ಕಷ್ಟಪಟ್ಟು ಏನನ್ನೂ ಬರೆದಿಲ್ಲ. ಗಡುವಿಗೆ ಮೊದಲೇ ಅರ್ಜಿ ಕೊಟ್ಟು ನಂಬರ್ ಇಸಿದುಕೊಂಡೆವು.

ಗಡಿಯಾಚೆಯ ಹಳ್ಳಿಗೂ ಸೆವ್ದಾ ಸುದ್ದಿ ಮುಟ್ಟಿಸಿದಳು. ಕೇಳಿದರೆ ಅವರೂ ದಿನಾ ಗುಡ್ಡ ಹತ್ತುತ್ತಾರಂತೆ, ನಮ್ಮ ದೇಶದ ಟವರಿನ ಸಿಗ್ನಲ್ ಹಿಡಿಯಲು! ಅವರ ನಕ್ಷೆಯಲ್ಲೂ ಕಪ್ಪು. ಅವರೂ ತಮ್ಮ ಸರ್ಕಾರಕ್ಕೆ ಬರೆದರು.

ಮೇ ತಿಂಗಳಲ್ಲಿ ಉತ್ತರ ಬಂತು. ನಮ್ಮೂರು ಬಿಳಿಯಾಗಿದೆ, ಜೋಡಣೆ ಪೆಟ್ಟಿಗೆ ವೇಲಿಕಾಳ ಗೇಟಿನ ಪಕ್ಕದಲ್ಲೇ ಬರಲಿದೆ. ಪಾಯ ತೋಡಿದ್ದಾರೆ, ಪೆಟ್ಟಿಗೆ ಇನ್ನೂ ಬಂದಿಲ್ಲ. ವೇಲಿಕಾ ವಾರಕ್ಕೊಮ್ಮೆ ಕಚೇರಿಗೆ ಪತ್ರ ಹಾಕುತ್ತಾಳೆ. ಈಗ ಬೇರೆ ಊರಿನವರಿಗೆ ಅರ್ಜಿ ಬರೆಯುವುದನ್ನು ಕಲಿಸುವವಳೂ ಅವಳೇ.

ಓದುತ್ತಿರುವವರೇ, ನಿಮ್ಮ ಊರಿನ ಬಣ್ಣ ಯಾವುದು? ಇವತ್ತೇ ವಾಚನಾಲಯಕ್ಕೆ ಹೋಗಿ ನಕ್ಷೆ ಕೇಳಿ. ನಿಮ್ಮ ಮನೆಯೊಳಗೆ ನಿಂತು ಅಳೆಯಿರಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಗಡುವಿನೊಳಗೆ ಕೊಡಿ, ನಂಬರ್ ಇಸಿದುಕೊಳ್ಳಿ. ಅಧಿಕಾರಿ ಬಂದರೆ ಧಾರಾಳವಾಗಿ ಊಟ ಹಾಕಿ. ಆದರೆ ಅಳತೆಗೆ ಕಾಯಿಲೆಯವರು ಮಲಗಿರುವ ಕೋಣೆಗೇ ಕರೆದುಕೊಂಡು ಹೋಗಿ, 'ಇಲ್ಲಿ ಇಲ್ಲ' ಎಂದು ನಾಚದೆ ಹೇಳಿ. ನೆಲದಡಿ ಹೋಗಿರುವುದು ನಿಮ್ಮ ತೆರಿಗೆಯ ಹಣ. ಕೇಳಿ ಪಡೆಯಿರಿ.