ಸೈಲೆನ್ಸರಿನೊಳಗಿನ ಸೀಸ

ಶನಿವಾರ ಮಧ್ಯಾಹ್ನ ನೆರೆಯ ಲಿಂಡ್ಸೆ ಬಂದು ನಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಮಾತು ಕೊಟ್ಟವನು ಆಥೊಲ್. ಕೊಟ್ಟಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಪೈಕಿಯವನಲ್ಲ ಅವನು. ಕುರಿ ಸಾಕುವ ಮನಿಯಟೋಟೊ ಬಯಲಿನ ಗಂಡಸರು ದುಃಖವಾದರೆ ಬೇಲಿ ರಿಪೇರಿ ಮಾಡುತ್ತಾರೆ. ಆಥೊಲ್ ಆ ವಾರ ಗಟ್ಟಿಯಾಗಿದ್ದ ಬೇಲಿಯನ್ನೂ ರಿಪೇರಿ ಮಾಡಿ ಮುಗಿಸಿದ್ದ.

ಮೊಲ ಹೊಡೆಯುವುದು ಅವನ ಕಸುಬು. ಕುರಿಗಳ ಹುಲ್ಲನ್ನು ಬುಡಸಮೇತ ಮೇಯುವ ಮೊಲಗಳ ಮೇಲೆ ಅಲ್ಲಿ ಯಾರಿಗೂ ಕನಿಕರವಿಲ್ಲ. ಕುರಿ ಸಾಕಿದವರು ಕರೆದಲ್ಲಿಗೆಲ್ಲ ಆಥೊಲ್ ಮೂತಿಗೆ ಸದ್ದಡಗಿಸುವ ಸೈಲೆನ್ಸರ್ ಹಾಕಿದ ತನ್ನ ಪಾಯಿಂಟ್ ಟೂ ಟೂ ಸಣ್ಣ ಕೋವಿ ಹಿಡಿದು ಹೋಗುತ್ತಿದ್ದ, ಜೊತೆಗೆ ಅವನ ನಾಯಿ ಟಾಶ್. ಟಾಶ್‌ಗೆ ಒಂದು ಕಿವಿ ಕಪ್ಪು, ಇನ್ನೊಂದು ಬಿಳಿ. ಕೋವಿ ಎತ್ತಿದಾಗ ಅವನ ಬೂಟಿಗೆ ಒತ್ತಿಕೊಂಡು ಕೂರುವುದು, ಮೊಲ ಬಿದ್ದ ಮೇಲೆ ಓಡಿಹೋಗಿ ತರುವುದು, ಇಷ್ಟೇ ಅದರ ಬದುಕು, ಅದರಲ್ಲೇ ಅದಕ್ಕೆ ಸ್ವರ್ಗಸುಖ. ಈ ಬೇಸಿಗೆಯಲ್ಲಿ ಮಾತ್ರ ಅದಕ್ಕೇನೋ ಆಗಿಬಿಟ್ಟಿತ್ತು. ಗುಂಡು ಹಾರಿತೋ ಇಲ್ಲವೋ, ಬಾಲ ಮುದುರಿಕೊಂಡು ಪಿಕಪ್ಪಿನ ಅಡಿ ಸೇರುತ್ತಿತ್ತು.

"ಪುಕ್ಕಲಾಗಿ ಹೋಯ್ತು. ಪುಕ್ಕಲು ನಾಯಿ ಇಟ್ಕೊಂಡು ನಾನೇನು ಮಾಡ್ಲಿ? ಲಿಂಡ್ಸೆ ಮನೇಲಾದ್ರೆ ಒಲೆ ಮುಂದೆ ಬಿದ್ಕೊಂಡಿರುತ್ತೆ," ಎಂದು ಆಥೊಲ್ ತೀರ್ಪು ಕೊಟ್ಟ.

ಅವನ ಹೆಂಡತಿ ರೇವಿನ್ ಈ ತೀರ್ಪನ್ನು ಒಪ್ಪಲಿಲ್ಲ. ಒಗೆದ ಬಟ್ಟೆ ಹರವುವಾಗ ಅವನು ಗುಡ್ಡದ ಕೆಳಗೆ ಗುಂಡು ಹಾರಿಸುವುದನ್ನು ಅವಳು ವರ್ಷಗಟ್ಟಲೆ ಕೇಳಿದವಳು. ಮೊದಲೆಲ್ಲ ಚಿಟಿಕೆ ಹೊಡೆದಷ್ಟೇ ಸದ್ದು. ಈಗೀಗ ಯಾರೋ ಸಿಟ್ಟಿನಿಂದ ಬಾಗಿಲು ಬಡಿದ ಹಾಗೆ.

"ನಾಯಿಗೇನೂ ಆಗಿಲ್ಲ, ಆಗಿರೋದು ನಿನ್ನ ಕೋವಿಯ ಸೈಲೆನ್ಸರಿಗೆ," ಎಂದಳು ಶುಕ್ರವಾರ ಸಂಜೆ.

"ನನಗೆ ಮೊದಲಿನ ಹಾಗೇ ಕೇಳುತ್ತಪ್ಪ."

"ನಿನಗೆ ಚರ್ಚಿನ ಗಂಟೆನೂ ಕೇಳಲ್ಲ ಮಾರಾಯ. ಅದನ್ನ ಯಾವಾಗ ತೊಳೆದಿದ್ದೆ ಹೇಳು?"

ಆಥೊಲ್‌ಗೆ ಕಿವಿಯ ಮಾತು ಎತ್ತಿದರೆ ಮೈಯೆಲ್ಲ ಉರಿ. ಕಿವಿಯ ಡಾಕ್ಟರ ಹತ್ತಿರ ಹೋಗೋಣ ಎಂದು ರೇವಿನ್ ಅಂಗಲಾಚಿದ್ದೆಷ್ಟೋ ಸಲ. ಮುದುಕರ ಯಂತ್ರ ತನಗೆ ಬೇಡವೆಂದು ಅವನು ಒದರಿದ್ದೂ ಅಷ್ಟೇ ಸಲ.

"ಸೈಲೆನ್ಸರ್ ಯಾರಾದ್ರೂ ತೊಳೀತಾರಾ? ಒಳಗೆ ಮಸಿ ಇದ್ದಷ್ಟೂ ಸದ್ದು ಕಮ್ಮಿ. ನಮ್ಮಪ್ಪ ಸಾಯೋವರೆಗೂ ತೊಳೀಲಿಲ್ಲ," ಎಂದ.

"ನಿಮ್ಮಪ್ಪ ಕಾಲುಚೀಲಾನೂ ತೊಳೀತಿರಲಿಲ್ಲ," ಎಂದಳು ರೇವಿನ್.

ಅದು ನಿಜವೇ.

ಶನಿವಾರ ಬೆಳಗ್ಗೆ, ಅವಳ ಬಾಯಿ ಮುಚ್ಚಿಸುವುದಕ್ಕೆಂದೇ ಅವನು ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿದ. ಕೋವಿ ಖಾಲಿಯಿದೆಯೇ ಎಂದು ನೋಡಿ, ಮತ್ತೆ ನೋಡಿ, ಸೈಲೆನ್ಸರನ್ನು ತಿರುಗಿಸಿ ಬಿಚ್ಚಿಕೊಂಡ. ನೆನೆಹಾಕಲು ಒಂದು ಪಾತ್ರೆ ಬೇಕಲ್ಲ, ಅಡಿಗೆಮನೆಗೆ ಹೋಗಿ ಏಪ್ರಿಕಾಟ್ ಜಾಮ್ ಕುದಿಸುವ ದೊಡ್ಡ ಪಾತ್ರೆಗೇ ಕೈಹಾಕಿದ.

"ಇಡು ಅದನ್ನ!" ರೇವಿನ್ ಕೂಗಿದ್ದು ಈ ಸಲ ಅವನಿಗೂ ಕೇಳಿಸಿತು. "ಅದರೊಳಗಿರೋದು ಗುಂಡಿನ ಸೀಸ ಕಣೋ! ಚಳಿಗಾಲವೆಲ್ಲಾ ಬ್ರೆಡ್ಡಿಗೆ ವಿಷ ಸವರಿಕೊಂಡು ತಿನ್ನಬೇಕಾ?"

ಐಸ್‌ಕ್ರೀಮಿನ ಖಾಲಿ ಡಬ್ಬ ಕೊಟ್ಟಳು. ಅಲ್ಲಿ ಯಾವ ಮನೆಯಲ್ಲೂ ಆ ಡಬ್ಬ ಎಸೆಯುವ ಪದ್ಧತಿಯಿಲ್ಲ. ರಬ್ಬರಿನ ಕೈಗವಸು ಕೊಟ್ಟಳು. ಆಮೇಲೆ, ಇವನೊಬ್ಬನನ್ನೇ ಬಿಟ್ಟರೆ ಆಗುವ ಕೆಲಸವಲ್ಲವೆಂದು ತಾನೂ ಹೊರಟಳು, ಹೋಗುವಾಗ ಹೆಣಿಗೆಯ ಕಡ್ಡಿಯೊಂದನ್ನು ಕೈಗೆತ್ತಿಕೊಂಡಳು.

ಸೈಲೆನ್ಸರಿನ ಮುಚ್ಚಳ ಜಗ್ಗಲಿಲ್ಲ. ಆಥೊಲ್ ತಿರುಗಿಸಿದ, ಬೈದ, ಸೀಮೆಎಣ್ಣೆ ಸುರಿದ, ಒಂದು ಚಹಾ ಕುಡಿದು ಬಂದು ಮತ್ತೆ ತಿರುಗಿಸಿದ. ಕೊನೆಗೆ ಅದು ಕರ್ರೆಂದು ಬಿಚ್ಚಿಕೊಂಡಿತು. ಒಳಗಿನ ಪುಟ್ಟ ಬಟ್ಟಲುಗಳು, ಗುಂಡು ಹಾಯಲು ನಡುವೆ ತೂತಿರುವಂಥವು, ಒಂದರೊಳಗೊಂದು ಕಚ್ಚಿಕೊಂಡು ಕೂತಿದ್ದವು. ಮರದ ಕೋಲು ಇಟ್ಟು ಮೆಲ್ಲಗೆ ಬಡಿಯುತ್ತಾ ಒಂದೊಂದನ್ನೇ ಹೊರತೆಗೆದರು. ಬಂದ ಬಂದ ಹಾಗೆ ರೇವಿನ್ ಅವನ್ನು ಹೆಣಿಗೆಯ ಕಡ್ಡಿಗೆ ಪೋಣಿಸಿಟ್ಟಳು, ಮತ್ತೆ ಅದೇ ಸಾಲಿನಲ್ಲಿ, ಅದೇ ಮುಖವಾಗಿ ಕೂರಿಸಬೇಕಲ್ಲ.

ಆಥೊಲ್ ಬಟ್ಟಲುಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಬಟ್ಟಲೆಂದು ಹೇಳುವ ಹಾಗೇ ಇರಲಿಲ್ಲ. ಈ ಸಣ್ಣ ಕೋವಿಯ ಗುಂಡಿಗೆ ತಾಮ್ರದ ಹೊದಿಕೆಯಿಲ್ಲ, ಬರೀ ಸೀಸ, ಅದರ ಮೇಲೊಂದಿಷ್ಟು ಮೇಣ. ಹಾರುವಾಗಲೆಲ್ಲ ಉದುರಿದ್ದು, ಉರಿದದ್ದು ಸೇರಿ ಬೂದು ಬಣ್ಣದ ಗಾರೆಯಾಗಿ ಮೆತ್ತಿಕೊಂಡಿತ್ತು. ಹೊಗೆ ತಿರುಗಾಡಿ ತಣ್ಣಗಾಗಿ ಸದ್ದು ಅಡಗಲು ಒಳಗೆ ಜಾಗವೇ ಉಳಿದಿರಲಿಲ್ಲ.

"ಮಸಿ ಇದ್ದಷ್ಟೂ ಸದ್ದು ಕಮ್ಮಿ, ಅಲ್ವಾ?" ಎಂದಳು ರೇವಿನ್.

"ಸ್ವಲ್ಪ ಇದ್ರೆ," ಎಂದ ಆಥೊಲ್, ತಲೆಯೆತ್ತದೆ.

ಹಿತ್ತಾಳೆಯ ಬ್ರಷ್ಷಿನಿಂದ, ಧೂಳು ಏಳದಂತೆ ಎಣ್ಣೆಯಲ್ಲಿ ಒದ್ದೆಮಾಡಿಕೊಂಡು ಉಜ್ಜಿದರು. ಸೀಸ ಚಕ್ಕೆ ಚಕ್ಕೆಯಾಗಿ ಎದ್ದು ಬರತೊಡಗಿತು. ಅದರಲ್ಲೊಂದು ಹಿತವಿದೆ, ಸುಟ್ಟ ಪಾತ್ರೆಯ ತಳ ಕಾಣಿಸತೊಡಗಿದಾಗ ಆಗುವಂಥದ್ದು. ಅವನು ಉಜ್ಜುತ್ತಿದ್ದ, ಅವಳು ಒರೆಸಿ ಕಡ್ಡಿಗೆ ಪೋಣಿಸುತ್ತಿದ್ದಳು. ಬಾಗಿಲಾಚೆಯಿಂದ ಬಿಸಿಲಿಗೆ ಕಾದ ಕಾಡು ಥೈಮ್ ಗಿಡಗಳ ವಾಸನೆ ಬರುತ್ತಿತ್ತು. ಟಾಶ್ ಹೊಸಿಲ ಮೇಲೆ ಮೂತಿಯಿಟ್ಟು ಇಬ್ಬರನ್ನೂ ನೋಡುತ್ತಾ ಮಲಗಿತ್ತು. ಗಂಡಹೆಂಡಿರು ಹೀಗೆ ಒಂದೇ ಮೇಜಿಗೆ ಕೂತು ಜಗಳವಿಲ್ಲದೆ ಬೆಳಗು ಕಳೆದು ಬಹಳ ಕಾಲವಾಗಿತ್ತು, ಅದು ಇಬ್ಬರಿಗೂ ಗೊತ್ತಾಗುತ್ತಿತ್ತು.

ಚಕ್ಕೆಗಳನ್ನೆಲ್ಲ ತಂಬಾಕಿನ ಡಬ್ಬಕ್ಕೆ ತುಂಬಿಸಿದಾಗ ಅದು ಎತ್ತಿದರೆ ಕೈ ಜಗ್ಗುವಷ್ಟು ಭಾರವಾಯಿತು. ಆಥೊಲ್ ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದ.

"ಇಷ್ಟೆಲ್ಲಾ ಒಳಗಿತ್ತು. ಸದ್ದು ಜೋರಾಗ್ತಾ ಬಂತು. ನನಗೆ ಗೊತ್ತೇ ಆಗ್ಲಿಲ್ಲ, ರೇ," ಎಂದ. "ಅದು ಹೆದರಿ ಓಡ್ತಿತ್ತು, ನಾನು ಅದಕ್ಕೇ ಬೈತಿದ್ದೆ."

ಇಲ್ಲಿ ಚುಚ್ಚಲು ರೇವಿನ್‌ಗೆ ಒಳ್ಳೆಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡಳು.

ಬಟ್ಟಲುಗಳನ್ನು ಕಡ್ಡಿಯಿಂದ ಅದೇ ಸಾಲಿನಲ್ಲಿ ಕೊಳವೆಗಿಳಿಸಿ, ಬೆಳಕಿಗೆ ಹಿಡಿದು ತೂತುಗಳು ನೇರವಾಗಿವೆಯೇ ಎಂದು ಇಬ್ಬರೂ ಇಣುಕಿ ನೋಡಿ, ಸೈಲೆನ್ಸರನ್ನು ಮತ್ತೆ ಕೋವಿಗೆ ಕೂರಿಸಿದರು. ಮೊಣಕೈವರೆಗೂ ಸೋಪು ಹಾಕಿ ತೊಳೆದುಕೊಂಡ ಮೇಲೆಯೇ ರೇವಿನ್ ಅವನನ್ನು ಗುಡ್ಡದ ಕಡೆ ಹೋಗಲು ಬಿಟ್ಟಳು.

ಲಿಂಡ್ಸೆಯ ಪಿಕಪ್ ಆಗಲೇ ಗೇಟಿನ ಹತ್ತಿರ ಧೂಳೆಬ್ಬಿಸುತ್ತಿತ್ತು. ಆಥೊಲ್ ಅತ್ತ ತಿರುಗಲಿಲ್ಲ. ಗುಡ್ಡದ ಬುಡದ ಮಣ್ಣಿನ ದಿಬ್ಬಕ್ಕೆ ಒಂದು ಹಳೆಯ ಡಬ್ಬವನ್ನು ಒರಗಿಸಿ, ಹಿಂದೆ ಬಂದು ಕೋವಿ ಎತ್ತಿದ. ಟಾಶ್ ಕಿವಿ ಮಡಚಿ ದೂರ ಸರಿದು, ಓಡಲು ತಯಾರಾಗಿ ನಿಂತಿತು.

ಗುಂಡು ಹಾರಿಸಿದ. ಡಬ್ಬ ಉರುಳಿತು. ಸದ್ದಿನಲ್ಲಿ ಅವನಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ, ಎಳ್ಳಷ್ಟೂ. ನಾಯಿಯ ಕಡೆ ತಿರುಗಿ ನೋಡಿದ.

ಟಾಶ್ ಓಡಿರಲಿಲ್ಲ. ತಲೆ ಓರೆಮಾಡಿ ಕೋವಿಯನ್ನೇ ನೋಡುತ್ತಿತ್ತು. ಇನ್ನೊಂದು ಗುಂಡು. ಮಡಚಿದ್ದ ಬಿಳಿ ಕಿವಿ ಎದ್ದಿತು. ಮತ್ತೊಂದು ಹಾರಿಸುವ ಹೊತ್ತಿಗೆ ಆಥೊಲ್‌ನ ಎಡಗಾಲಿಗೆ ಬೆಚ್ಚಗಿನದೇನೋ ಒತ್ತಿಕೊಂಡಿತು. ಅವನು ಕೋವಿಯನ್ನು ಖಾಲಿಮಾಡಿ ಬೇಲಿಗೆ ಒರಗಿಸಿ, ನಾಯಿಯ ಪಕ್ಕ ನೆಲಕ್ಕೇ ಕುಳಿತುಬಿಟ್ಟ.

ಲಿಂಡ್ಸೆ ಕೈಯಲ್ಲಿ ನಾಯಿಯ ಹೊಸ ಕೊರಳಪಟ್ಟಿ ಹಿಡಿದು ಬಂದ. "ಹೊರಡೋದಕ್ಕೆ ತಯಾರಾ ಇವನು?"

"ಇಲ್ಲ ಕಣಯ್ಯಾ, ತಪ್ಪು ತಿಳ್ಕೊಬೇಡ," ಎಂದ ಆಥೊಲ್. "ಇವನನ್ನ ಕೊಡೋದಕ್ಕಾಗಲ್ಲ. ನನ್ನ ಕಿವಿ ಇವನು."

"ನಾಯಿಮರಿಯಂಥ ನಿನ್ನ ಕಣ್ಣು ನೋಡಿದ್ರೆ ಪಟ್ಟಿ ನಿನಗೇ ಕಟ್ಟಿ ಕರ್ಕೊಂಡು ಹೋಗ್ಬೇಕು ಅನ್ಸುತ್ತೆ," ಎಂದು ಲಿಂಡ್ಸೆ ನಕ್ಕ. ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಅಡಿಗೆಮನೆಯಿಂದ ಬರುತ್ತಿದ್ದ ಚೀಸ್ ರೋಲಿನ ವಾಸನೆ ಹಿಡಿದು ಮನೆಯ ಕಡೆ ನಡೆದ.

ರೇವಿನ್ ಬೆನ್ನ ಹಿಂದೆ ನಿಂತು ಮೆತ್ತಗೆ ಏನೋ ಅಂದಳು. ಟಾಶ್ ತಟ್ಟನೆ ಹಿಂತಿರುಗಿತು. ಅದು ತಿರುಗಿದ್ದನ್ನು ನೋಡಿ ಆಥೊಲ್ ತಾನೂ ತಿರುಗಿದ.

"ಏನಂದೆ?"

"ಏನಿಲ್ಲ, ಬಾ ತಿನ್ನು ಅಂದೆ."

ಆಥೊಲ್ ಅವಳ ಮುಖವನ್ನೇ ನೋಡಿದ. ಅವಳು ಅಂದದ್ದು ಅದಲ್ಲವೆಂದು ಅವನಿಗೆ ಗೊತ್ತಾಯಿತು, ಕೇಳಿಸಿಕೊಳ್ಳಬೇಕಿತ್ತು ಅನ್ನಿಸಿತು.

"ಸೋಮವಾರ ಆ ಕಿವಿ ಡಾಕ್ಟರಿಗೆ ಫೋನ್ ಮಾಡು," ಎಂದ. "ಆಮೇಲೆ, ಈಗ ಅಂದಿದ್ದನ್ನ ಇನ್ನೊಂದು ಸಲ ಹೇಳುವೆಯಂತೆ."